ಆಸ್ಪತ್ರೆ ಕಟ್ಟಡದಲ್ಲಿ ಮೂಲನಿವಾಸಿಗಳ ಕಲೆ: ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು?

ಪ್ರಶ್ನೆ: ಮೇಡಂ, ನಾನು ಸಾಗರದ ಕಡೆಯವಳು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಪರ್ತ್‌ನಿಂದ ದಕ್ಷಿಣಕ್ಕಿರುವ ಊರೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಹೊಸ ಬ್ಲಾಕ್ ಬರುತ್ತಿದೆ. ಈ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನರ ಕಲೆ ಕಟ್ಟಡದ ಭಾಗವಾಗಿಯೇ ಇರಬೇಕು ಎಂದು ತೀರ್ಮಾನವಾಗಿದೆ. ಮುಂಭಾಗದ ಲೋಹದ ಪರದೆ, ಗಾಜು, ನೆಲ, ಮಕ್ಕಳ ವಾರ್ಡಿನ ಗೋಡೆ, ಎಲ್ಲ ಕಡೆ ಇಲ್ಲಿನ ನದಿ, ಹಕ್ಕಿ, ಹೂವು. ಸಿಬ್ಬಂದಿ ಪರವಾಗಿ ನನ್ನನ್ನು ಕಲಾ ಸಮಿತಿಗೆ ಹಾಕಿದ್ದಾರೆ. ನನಗೆ ಕಲೆಯ ಗಂಧಗಾಳಿ ಇಲ್ಲ. ಸಹೋದ್ಯೋಗಿಗಳು "ಬೆಡ್ ಇಲ್ಲ, ಇದಕ್ಕೆ ದುಡ್ಡಿದೆಯಾ" ಅನ್ನುತ್ತಾರೆ. ಸಮಿತಿಯಲ್ಲಿ ಒಬ್ಬರು "ಆನ್‌ಲೈನಲ್ಲಿ ಚುಕ್ಕೆ ಡಿಸೈನ್ ಕೊಂಡು ಪ್ರಿಂಟ್ ಹಾಕಿಸೋಣ, ಹಿರಿಯರನ್ನು ಕೇಳುತ್ತಾ ಕೂತರೆ ವರ್ಷ ಹೋಗುತ್ತೆ" ಎಂದರು. ಇನ್ನೊಬ್ಬರಿಗೆ ಬಾಗಿಲಲ್ಲೇ ನೆಲದ ಮೇಲೆ ದೊಡ್ಡ ನದಿ-ಸರ್ಪ ಬೇಕು, ಹೆರಿಗೆ ವಾರ್ಡಿಗೆ ಇಲ್ಲಿನ ಕಿತ್ತಳೆ ಬಣ್ಣದ ಮೂಜಾರ್ ಹೂವು ಬೇಕು. ಇಷ್ಟೆಲ್ಲ ಮಾಡಿದರೂ ಮೂಲನಿವಾಸಿ ರೋಗಿಗಳು ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋಗುವುದು ನಿಲ್ಲುತ್ತದಾ? ಹತ್ತು ವರ್ಷದ ಮೇಲೆ ಗೋಡೆ ಒಡೆದರೆ ಆ ಕಲೆಯ ಗತಿ? ನಮ್ಮ ಕನ್ನಡ ಸಂಘದವರು ಮಕ್ಕಳ ವಾರ್ಡಿನ ಗೋಡೆಗೆ ತಾವೇ ಬಂದು ಚುಕ್ಕೆ ಚಿತ್ರ ಬಿಡಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ:

ನಮಸ್ಕಾರ. ನೀವು ಕೇಳಿರುವುದು ಹಲವು ಪ್ರಶ್ನೆ, ಆದರೆ ಒಳಗಿನ ಆತಂಕ ಒಂದೇ. ಇದು ನಿಜವಾದ ಕೆಲಸವೋ, ಉದ್ಘಾಟನೆಯ ದಿನ ಫೋಟೊ ತೆಗೆಸಿಕೊಳ್ಳಲು ಮಾಡುವ ಅಲಂಕಾರವೋ? ಎರಡೂ ಆಗಬಹುದು. ನಾನು ನೋಡಿದ ಮಟ್ಟಿಗೆ, ಯಾವುದಾಗುತ್ತದೆ ಎನ್ನುವುದು ಚಿತ್ರ ಎಷ್ಟು ಚೆಂದವಿದೆ ಎನ್ನುವುದರ ಮೇಲೆ ನಿಂತಿಲ್ಲ. ಆ ನೆಲದ ಜನ ಮತ್ತು ಅವರ ಕಲಾವಿದರು ಸಭೆಗೆ ಬಂದದ್ದು ಯಾವಾಗ ಎನ್ನುವುದರ ಮೇಲೆ ನಿಂತಿದೆ. ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿ ಇರುವಾಗಲೋ, ಅಥವಾ ಟೈಲ್ಸ್ ಬಣ್ಣ ಆರಿಸುವ ಹೊತ್ತಿಗೋ?

ನಾನು ಓದಿದ್ದು ಆರ್ಕಿಟೆಕ್ಚರ್. ಈಗ ಮಾಡುವುದು ಆಸ್ಪತ್ರೆ ಕಟ್ಟಡಗಳಿಗೆ ಕಲಾಕೆಲಸ ಹೊಂದಿಸುವ ಕೆಲಸ. ಕಲಾವಿದರು, ಆರ್ಕಿಟೆಕ್ಟ್, ಕಂಟ್ರಾಕ್ಟರ್, ಸೋಂಕು ನಿಯಂತ್ರಣದ ನರ್ಸ್, ಇವರೆಲ್ಲರ ನಡುವೆ ಓಡಾಡುವವಳು. ನಾನು ಮೂಲನಿವಾಸಿ ಅಲ್ಲ. ನೂಂಗಾರ್ ನಂಬಿಕೆಗಳ ಬಗ್ಗೆ ಇಲ್ಲಿ ಬರೆಯುವುದು ಅವರೇ ಬಹಿರಂಗವಾಗಿ ಹೇಳಿಕೊಂಡಿರುವುದನ್ನು ಮಾತ್ರ. ನಿಮ್ಮ ಊರಿನ ಹಿರಿಯರು ಬೇರೆ ಹೇಳಿದರೆ ಅವರು ಹೇಳಿದ್ದೇ ಸರಿ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1989ರಿಂದ ಒಂದು ಪದ್ಧತಿ ಇದೆ. ಸರ್ಕಾರಿ ಕಟ್ಟಡದ ನಿರ್ಮಾಣ ವೆಚ್ಚದಲ್ಲಿ ಶೇ. 1ರವರೆಗೆ ಕಲೆಗೆ ಮೀಸಲು. ಹತ್ತು ಕೋಟಿ ಡಾಲರಿನ ಕಟ್ಟಡವಾದರೆ ಹೆಚ್ಚೆಂದರೆ ಹತ್ತು ಲಕ್ಷ ಡಾಲರ್. ಇದು ಕಟ್ಟುವ ದುಡ್ಡು, ನಡೆಸುವ ದುಡ್ಡಲ್ಲ. ಬೆಡ್ ಕೊರತೆ ಎಂದರೆ ಮಂಚದ ಕೊರತೆ ಅಲ್ಲವೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಬೆಡ್ ನೋಡಿಕೊಳ್ಳುವ ನರ್ಸ್‌ಗೆ ವರ್ಷ ವರ್ಷ ಸಂಬಳ ಬೇಕು, ಅದು ಬೇರೆ ಖಾತೆಯಿಂದ ಬರಬೇಕು. ಕಲೆ ಕೈಬಿಟ್ಟರೆ ಆ ಸಂಬಳ ಹುಟ್ಟುವುದಿಲ್ಲ.

ಇನ್ನೊಂದು ವಿಷಯ ಸಮಿತಿಯಲ್ಲಿ ಹೇಳಿ. ಕಟ್ಟಡಕ್ಕೆ ಹೇಗೂ ಬೇಕಾದ ವಸ್ತುವಿನೊಳಗೇ ಕಲೆ ಸೇರಿದರೆ ಖರ್ಚು ಹಂಚಿಹೋಗುತ್ತದೆ. ಪಡುವಣ ಬಿಸಿಲಿಗೆ ಮುಂಭಾಗದಲ್ಲಿ ತೂತಿನ ಅಲ್ಯುಮಿನಿಯಂ ಪರದೆ ಹಾಕಲೇಬೇಕು. ಆ ತೂತುಗಳು ಸಾಲಾಗಿ ಇರಬೇಕು ಎಂದೇನೂ ಇಲ್ಲ. ಗಾಜಿನ ಬಾಗಿಲಿಗೆ ಜನ ಡಿಕ್ಕಿ ಹೊಡೆಯದಂತೆ, ನೆಲದಿಂದ 900ರಿಂದ 1000 ಮಿ.ಮೀ. ಎತ್ತರದಲ್ಲಿ ಕನಿಷ್ಠ 75 ಮಿ.ಮೀ. ಅಗಲದ ಎದ್ದುಕಾಣುವ ಪಟ್ಟಿ ಇರಬೇಕೆಂದು ಆಸ್ಟ್ರೇಲಿಯಾದ ನಿಯಮ ಇದೆ. ಆ ಪಟ್ಟಿಯನ್ನು ನದಿಯ ದಡವಾಗಿ ಮಾಡಿ, ಮೇಲೆ ಕೆಳಗೆ ಚಿತ್ರ ಹರಿಸಿದ ಕೆಲಸಗಳಿವೆ. ಪಟ್ಟಿ ಮಾತ್ರ ಎಡೆಬಿಡದೆ ತುಂಬಿರಬೇಕು. ಎಲೆ ಎಲೆಯಾಗಿ ಬಿಡಿಸಿದರೆ ಇನ್ಸ್‌ಪೆಕ್ಟರ್ ಒಪ್ಪುವುದಿಲ್ಲ.

ದುಡ್ಡಿನ ವಿಷಯದಲ್ಲಿ ನನಗೆ ಇಷ್ಟವಾದ ಕಥೆ ಮಾತ್ರ ಬೇರೆಯದು. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಸುಮಾರು 500 ಕಿ.ಮೀ. ಪಶ್ಚಿಮಕ್ಕೆ ಮರುಭೂಮಿಯಲ್ಲಿ ಕಿಂಟೋರ್ ಎಂಬ ಊರಿದೆ. ಅಲ್ಲಿನವರಿಗೆ ಕಿಡ್ನಿ ಕೆಟ್ಟರೆ ಊರು ಬಿಟ್ಟು, ಮನೆಯವರನ್ನು ಬಿಟ್ಟು, ಡಯಾಲಿಸಿಸ್‌ಗಾಗಿ ಪಟ್ಟಣದಲ್ಲೇ ಇರಬೇಕಿತ್ತು. ಕಿಂಟೋರ್ ಮತ್ತು ಕಿವಿರ್‌ಕುರ್ರಾ ಊರುಗಳ ಕಲಾವಿದರು ಒಟ್ಟಿಗೆ ಕೂತು ದೊಡ್ಡ ಚಿತ್ರಗಳನ್ನು ಬರೆದರು. 2000ನೇ ಇಸವಿಯ ನವೆಂಬರಿನಲ್ಲಿ ಸಿಡ್ನಿಯಲ್ಲಿ ಹರಾಜು ನಡೆದು ಹತ್ತು ಲಕ್ಷ ಡಾಲರಿಗೂ ಜಾಸ್ತಿ ಕೂಡಿತು. ಆ ದುಡ್ಡಿನಿಂದ ಶುರುವಾದ ಸಂಸ್ಥೆಯೇ ಇಂದಿನ ಪರ್ಪಲ್ ಹೌಸ್. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಶುರುವಾಯಿತು. ಕಲೆಯೋ ಬೆಡ್ಡೋ ಎಂದು ಕೇಳುವವರಿಗೆ ಇದನ್ನು ಹೇಳಿ ನೋಡಿ.

ಈಗ ಚುಕ್ಕೆಗಳಿಗೆ ಬರೋಣ. ಚುಕ್ಕೆ ಹಾಕಿದರೆ ಮೂಲನಿವಾಸಿ ಕಲೆ ಎನ್ನುವುದು ಬಹಳ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಬ್ರಿಟಿಷರು ಬಂದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಅಷ್ಟು ಜನರಿಗೆ ಒಂದೇ ಶೈಲಿ ಇರಲು ಹೇಗೆ ಸಾಧ್ಯ? ನಾವು ಇಂದು ನೋಡುವ ಚುಕ್ಕೆಗಳ ಕ್ಯಾನ್‌ವಾಸ್ ಚಿತ್ರ 1971ರ ಸುಮಾರಿಗೆ ಮಧ್ಯ ಆಸ್ಟ್ರೇಲಿಯಾದ ಪಾಪುನ್ಯದಲ್ಲಿ ಬೆಳೆದದ್ದು. ನೆಲದ ಮೇಲೆ, ಮೈಮೇಲೆ ಬರೆಯುತ್ತಿದ್ದ ಹಳೆಯ ಆಕಾರಗಳು ಹಲಗೆಯ ಮೇಲೆ ಬಂದವು. ಹೊರಗಿನವರು ನೋಡಬಾರದ ಭಾಗಗಳನ್ನು ಮುಚ್ಚಲು ಚುಕ್ಕೆ ಜಾಸ್ತಿಯಾಯಿತು ಎಂದು ಹೇಳುತ್ತಾರೆ. ಉತ್ತರದ ಆರ್ನೆಮ್ ಲ್ಯಾಂಡಿನಲ್ಲಿ ನವಿರಾದ ಅಡ್ಡಗೆರೆಗಳ ಹೆಣಿಗೆ. ಆಗ್ನೇಯದ ಗುರಾಣಿಗಳ ಮೇಲೆ ಕೆತ್ತಿದ ಕೋನದ ಗೆರೆಗಳು. ಇನ್ನು ನಿಮ್ಮ ಕಡೆಯ ನೂಂಗಾರ್ ಜನರಲ್ಲೇ 14 ಗುಂಪುಗಳಿವೆ. ಮರುಭೂಮಿಯ ಚುಕ್ಕೆಯನ್ನು ತಂದು ನಿಮ್ಮ ಊರಿನ ಆಸ್ಪತ್ರೆಗೆ ಅಂಟಿಸಿದರೆ ನಿಮ್ಮ ನೂಂಗಾರ್ ರೋಗಿಗೆ ಅರ್ಥವಾಗುವುದು ಇಷ್ಟೇ: ಇವರು ನಮ್ಮನ್ನು ಕೇಳಲಿಲ್ಲ.

ಆನ್‌ಲೈನ್ ಡಿಸೈನಿಗೆ ಕಾನೂನಿನ ತೊಡಕೂ ಇದೆ. ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕೇಳದೆ ವಿಯೆಟ್ನಾಮಿನಲ್ಲಿ ಕಾರ್ಪೆಟ್ ಮೇಲೆ ನೇಯಿಸಿ ಆಸ್ಟ್ರೇಲಿಯಾದಲ್ಲಿ ಮಾರಿದವರ ವಿರುದ್ಧ 1994ರಲ್ಲೇ ಫೆಡರಲ್ ಕೋರ್ಟಿನ ತೀರ್ಪು ಬಂದಿದೆ. ಜನ ತುಳಿಯಲೇಬಾರದ ಚಿತ್ರಗಳು ಕಾಲ ಕೆಳಗೆ ಬಂದಿದ್ದವು, ಆ ನೋವನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ಬಿರೂಬಿ ಆರ್ಟ್ ಎಂಬ ಕಂಪನಿ ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್‌ಗಳನ್ನು, ಡಿಜರಿಡೂ ಎಂಬ ಊದುವ ವಾದ್ಯಗಳನ್ನು ಮೂಲನಿವಾಸಿಗಳ ಕೈಕೆಲಸ ಎಂಬಂತೆ ಮಾರಿದ್ದಕ್ಕೆ 2019ರಲ್ಲಿ 23 ಲಕ್ಷ ಡಾಲರ್ ದಂಡ ಬಿತ್ತು. ಅಗ್ಗದ ಡಿಸೈನ್ ಕೊಳ್ಳುವಾಗ ಅದನ್ನು ಬರೆದವರು ಯಾರು, ಯಾವ ನೆಲದವರು ಎಂದು ಹೇಳಲಾಗದಿದ್ದರೆ ಕೊಳ್ಳಬೇಡಿ. ಕಂಪ್ಯೂಟರ್‌ಗೆ ಹೇಳಿ ಬರೆಸಿದ ಚಿತ್ರಕ್ಕೂ ಇದೇ ಮಾತು.

ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ಮೂಜಾರ್ ಹೂವಿನ ಹತ್ತಿರ. ಪ್ರಕೃತಿಯ ಚಿತ್ರ ತಾನೇ, ಯಾರಿಗೂ ತೊಂದರೆ ಇಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲೇ ಎಡವುವುದು. ಮೂಜಾರ್ ಎಂದರೆ ಬಿಳಿಯರು ಕ್ರಿಸ್‌ಮಸ್ ಮರ ಎಂದು ಕರೆಯುವುದು. ಬೇಸಿಗೆಯ ಹೊತ್ತಿಗೆ ಮರಕ್ಕೆ ಮರವೇ ಕಿತ್ತಳೆ ಬಣ್ಣ. ನೋಡಲು ಅಷ್ಟು ಚೆಂದದ್ದು ಆ ಭಾಗದಲ್ಲಿ ಇನ್ನೊಂದಿಲ್ಲ. ಆದರೆ ಸತ್ತವರ ಆತ್ಮ ಮುಂದಿನ ದಾರಿ ಹಿಡಿಯುವ ಮೊದಲು ಆ ಮರದಲ್ಲಿ ತಂಗುತ್ತದೆ ಎಂದು ನೂಂಗಾರ್ ಜನ ನಂಬುತ್ತಾರೆ. ಅದರ ಹೂ ಕೀಳುವುದಿಲ್ಲ. ಇದನ್ನು ಹೆರಿಗೆ ವಾರ್ಡಿನ ಗೋಡೆಯ ತುಂಬ ಬರೆದರೆ? ಊರ ಕಡೆ ಬಾಣಂತಿ ಕೋಣೆಯ ಬಾಗಿಲ ಮೇಲೆ ಗೂಬೆಯ ಚಿತ್ರ ಹಾಕಿ, "ಎಷ್ಟು ಮುದ್ದಾದ ಹಕ್ಕಿ ನೋಡಿ" ಅಂದ ಹಾಗೆ. ಹಾಗಂತ ಆಸ್ಪತ್ರೆಯಲ್ಲಿ ಎಲ್ಲೂ ಬೇಡ ಅಂತಲೂ ನಾನು ಹೇಳಲಾರೆ. ಕೊನೆಯ ದಿನಗಳ ರೋಗಿಗಳು ಇರುವ ವಿಭಾಗದಲ್ಲಿ, ಮನೆಯವರು ಕೂರುವ ಅಂಗಳದಲ್ಲಿ ಹಿರಿಯರು ಅದನ್ನೇ ಕೇಳಿದರೂ ಕೇಳಬಹುದು. ಎಲ್ಲಿ, ಹೇಗೆ ಎಂದು ಹೇಳಬೇಕಾದವರು ಅವರು.

ಹಕ್ಕಿಗಳ ವಿಷಯವೂ ಹೀಗೆಯೇ. ಕರ್ಲ್ಯೂ ಹಕ್ಕಿಯ ರಾತ್ರಿ ಕೂಗನ್ನು ಆಸ್ಟ್ರೇಲಿಯಾದ ಅನೇಕ ಮೂಲನಿವಾಸಿ ಸಮುದಾಯಗಳು ಸಾವಿನ ಸೂಚನೆ ಎಂದು ಎಣಿಸುತ್ತವೆ. ಡಿಸೈನರಿಗೆ ಅದು ಬರೀ ಉದ್ದ ಕಾಲಿನ ಸೊಗಸಾದ ಹಕ್ಕಿ. ಇದಕ್ಕೆ ಬದಲು ಹಿರಿಯರು ಸಂತೋಷವಾಗಿ ಕೊಡುವ ವಿಷಯಗಳು ಬೇಕಾದಷ್ಟಿವೆ. ನೂಂಗಾರ್ ಪಂಚಾಂಗದಲ್ಲಿ ಆರು ಋತುಗಳು: ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಾಂಗ್. ಮಕುರು ಎಂದರೆ ಜೂನ್-ಜುಲೈ, ಚಳಿ ಮಳೆ. ಕಂಬರಾಂಗ್‌ನಲ್ಲಿ ಕಾಡುಹೂಗಳ ಜಾತ್ರೆ. ಒಂದೊಂದು ಮಹಡಿಗೆ ಒಂದೊಂದು ಋತು, ಅದರ ಬಣ್ಣ, ಅದರ ಗಿಡ, ಅದರ ಪ್ರಾಣಿ ಎಂದಾದರೆ ದಾರಿ ತೋರಿಸುವ ಕೆಲಸವೂ ಆಗುತ್ತದೆ. ಇಂಗ್ಲಿಷ್ ಓದಲು ಬಾರದ ಅಜ್ಜಿಗೂ "ಕಪ್ಪು ಹಂಸದ ಮಹಡಿ" ನೆನಪಿರುತ್ತದೆ. ನಮ್ಮ ಊರಿಂದ ಮಕ್ಕಳ ಮನೆಗೆ ಬಂದ ಅಜ್ಜಿಯರಿಗೂ ಅಷ್ಟೇ, ಅಲ್ವಾ?

ಬಾಗಿಲ ನೆಲದ ಸರ್ಪದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ಬೇಡ. ಎರಡು ಕಾರಣ.

ವಾಗಲ್ ಎಂಬ ಆ ಸರ್ಪವೇ ನದಿಗಳನ್ನೂ ನೀರಿನ ತಾಣಗಳನ್ನೂ ಮಾಡಿತು ಎಂದು ನೂಂಗಾರ್ ಜನರ ನಂಬಿಕೆ. ಅದನ್ನು ಬರೆಯುವ ಹಕ್ಕು ಯಾರಿಗಿದೆ, ಜನ ಅದರ ಮೇಲೆ ಟ್ರಾಲಿ ತಳ್ಳಬಹುದೇ ಎಂದು ನಿರ್ಧರಿಸಬೇಕಾದದ್ದು ಸಮಿತಿಯಲ್ಲ. ನೆಲದ ಮೇಲೆ ಮೂಲನಿವಾಸಿ ಕಲೆ ಇರಲೇಬಾರದು ಎಂದೇನೂ ಇಲ್ಲ. ಕ್ಯಾನ್‌ಬೆರಾದ ಸಂಸತ್ ಭವನದ ಮುಂದೆ ಮರುಭೂಮಿಯ ಕಲಾವಿದ ಮೈಕಲ್ ನೆಲ್ಸನ್ ಜಗಮಾರ ಅವರ ವಿನ್ಯಾಸದ 196 ಚದರ ಮೀಟರಿನ ಮೊಸಾಯಿಕ್ ಇದೆ, ಸುಮಾರು 90,000 ಗ್ರಾನೈಟ್ ತುಂಡುಗಳದ್ದು, 1988ರದ್ದು. ಮರುಭೂಮಿಯಲ್ಲಿ ನೆಲದ ಮೇಲೆ ಬರೆಯುವುದೇ ಮೂಲ ಪದ್ಧತಿ, ಮತ್ತು ಆ ವಿನ್ಯಾಸ ಕೊಡುವ ಹಕ್ಕು ಅವರಿಗಿತ್ತು.

ಎರಡನೆಯ ಕಾರಣ ನಿಮ್ಮ ವೃತ್ತಿಗೆ ಸೇರಿದ್ದು. ಮರೆವಿನ ಕಾಯಿಲೆ ಇರುವವರಿಗೆ, ದೃಷ್ಟಿ ಮಂದವಾದವರಿಗೆ ನೆಲದ ಮೇಲಿನ ಕಪ್ಪು ಪಟ್ಟೆ ಗುಂಡಿಯ ಹಾಗೆ ಕಾಣುತ್ತದೆ. ದಾಟಲು ಹೋಗಿ ಬೀಳುತ್ತಾರೆ, ಇಲ್ಲವೇ ಮುಂದೆ ಹೆಜ್ಜೆ ಇಡುವುದೇ ಇಲ್ಲ. ಅಲೆ ಅಲೆಯ ನಕಾಶೆ ತಲೆ ಸುತ್ತಿಸುತ್ತದೆ. ಜ್ವರದ ಸನ್ನಿಯಲ್ಲಿ ಇರುವವರಿಗೆ ಸರ್ಪ ನಿಜವಾಗಿಯೇ ಹರಿದಾಡೀತು. ನೆಲದಲ್ಲಿ ಕಲೆ ಬೇಕೆಂದರೆ ಹತ್ತಿರ ಹತ್ತಿರದ, ಒಂದೇ ಹದದ ಬಣ್ಣಗಳಲ್ಲಿ ಇರಲಿ. ಹೆಚ್ಚಿನ ಕಡೆ ನಾನು ಸಲಹೆ ಕೊಡುವುದು ಚಾವಣಿಯನ್ನು. ಟ್ರಾಲಿಯ ಮೇಲೆ ಅಂಗಾತ ಮಲಗಿ ಆಪರೇಷನ್ ಥಿಯೇಟರಿಗೆ ಹೋಗುವ ಮನುಷ್ಯನಿಗೆ ಕಾಣುವುದು ಚಾವಣಿ ಒಂದೇ. ನಮ್ಮ ಕಟ್ಟಡಗಳಲ್ಲಿ ಎಲ್ಲರೂ ಮರೆಯುವ ಗೋಡೆ ಅದು. ಪ್ಯಾರಿಸಿನ ಕೇ ಬ್ರಾನ್‌ಲಿ ಮ್ಯೂಸಿಯಂ 2006ರಲ್ಲಿ ತೆರೆದಾಗ ಎಂಟು ಮೂಲನಿವಾಸಿ ಕಲಾವಿದರ ಕೆಲಸ ಅದರ ಚಾವಣಿಗಳಿಗೂ ಮುಂಭಾಗಕ್ಕೂ ಸೇರಿತ್ತು. ರಸ್ತೆಯಲ್ಲಿ ನಡೆಯುವವರು ತಲೆ ಎತ್ತಿದರೆ ಕಾಣುತ್ತದೆ.

ವಸ್ತುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದನ್ನು ಸಮಿತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಬಲ್ಲವರು ನೀವೇ. ರೋಗಿಯ ಹತ್ತಿರ ಇರುವ ಯಾವ ಮೇಲ್ಮೈಯೂ ಕ್ಲೋರಿನ್ ದ್ರಾವಣದಲ್ಲಿ ದಿನಾ ಒರೆಸಿದರೆ ತಡೆಯಬೇಕು. ಗರಿ, ನಾರು, ನೇಯ್ಗೆ, ಉಬ್ಬು ಬಣ್ಣ ವಾರ್ಡಿನೊಳಗೆ ಬೇಡ. ಅವಕ್ಕೆ ಲಾಬಿಯಲ್ಲಿ ಗಾಜಿನ ಪೆಟ್ಟಿಗೆ ಇದೆ. ಗಾಜಿನ ಮೇಲೆ ಅಂಟಿಸುವ ಫಿಲಂ ಅಗ್ಗ, ಆದರೆ ಅಂಚು ಏಳುತ್ತದೆ. ಗಾಜಿನಲ್ಲೇ ಸುಟ್ಟು ಕೂರಿಸಿದ ಸೆರಾಮಿಕ್ ಬಣ್ಣ ದುಬಾರಿ, ಆದರೆ ಗಾಜು ಇರುವವರೆಗೂ ಇರುತ್ತದೆ. ಮುಂಭಾಗದ ಫಲಕ ಯಾವುದರದ್ದು ಎಂದು ಖಂಡಿತ ಕೇಳಿ. 2014ರಲ್ಲಿ ಮೆಲ್ಬರ್ನ್‌ನ ಲಾಕ್ರಾಸ್ ಕಟ್ಟಡಕ್ಕೂ, 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿಗೂ ಬೆಂಕಿ ಹರಡಿದ್ದು ಒಳಗೆ ಪ್ಲಾಸ್ಟಿಕ್ ಇದ್ದ ಅಲ್ಯುಮಿನಿಯಂ ಹೊದಿಕೆಯಿಂದ. ಚಿತ್ರ ಮುದ್ರಿಸಲು ಸುಲಭ ಎಂದು ಅಂಥದ್ದು ನುಸುಳಬಾರದು. ಗಟ್ಟಿ ಅಲ್ಯುಮಿನಿಯಂ ಇರಲಿ.

ಒಳ್ಳೆಯ ಕೆಲಸದಲ್ಲಿ ವಸ್ತುವನ್ನು ಕಲಾವಿದರೇ ಆರಿಸುತ್ತಾರೆ. ವಾನ್ಯಿ ಎಂಬ ಮೂಲನಿವಾಸಿ ಸಮುದಾಯದ ಜೂಡಿ ವಾಟ್ಸನ್ ಮೂಲತಃ ಅಚ್ಚುಚಿತ್ರದಲ್ಲಿ ಪಳಗಿದವರು. ಮೆಲ್ಬರ್ನ್ ಮ್ಯೂಸಿಯಮ್ಮಿಗೆ 2000ದಲ್ಲಿ ಅವರು ಮಾಡಿದ್ದು ಆಸಿಡ್ಡಿನಿಂದ ಕೊರೆದ ಸತುವಿನ 50 ಮೀಟರ್ ಉದ್ದದ ಗೋಡೆ. ಕ್ಯಾನ್‌ವಾಸನ್ನು ಹಿಗ್ಗಿಸಿ ಪ್ರಿಂಟ್ ಹಾಕಿದ್ದಲ್ಲ. ಆ ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತದೆ.

ಈಗ ನಿಮ್ಮ ಕಷ್ಟದ ಪ್ರಶ್ನೆ. ಕಲೆ ಇದ್ದರೆ ಮೂಲನಿವಾಸಿ ರೋಗಿಗಳು ಉಳಿಯುತ್ತಾರಾ?

ಕಲೆ ರೋಗ ಗುಣಪಡಿಸುತ್ತದೆ ಎಂದು ಬ್ರೋಷರುಗಳಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ. ಎಲ್ಲರೂ ಉದಾಹರಿಸುವುದು ರೋಜರ್ ಉಲ್ರಿಚ್ ಅವರ 1984ರ ಅಧ್ಯಯನ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ. ಕಿಟಕಿಯಲ್ಲಿ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿ ಕಡಿಮೆ ತೆಗೆದುಕೊಂಡರು. ಅದು ಕಿಟಕಿ, ಚಿತ್ರವಲ್ಲ. ಆಮೇಲೆ ಸ್ವೀಡನ್ನಿನ ಉಪ್ಸಾಲದಲ್ಲಿ ಹೃದಯದ ಆಪರೇಷನ್ ಆದವರ ಮುಂದೆ ಚಿತ್ರಗಳನ್ನೇ ಇಟ್ಟು ನೋಡಿದರು. ನೀರು ಮರದ ಚಿತ್ರ ಕಂಡವರಿಗೆ ಆತಂಕ ಕಡಿಮೆ. ಚೂಪು ಅಂಚಿನ ಅಮೂರ್ತ ಚಿತ್ರ ಕಂಡವರಿಗೆ ಏನೂ ಇಲ್ಲದ ಗೋಡೆಗಿಂತ ಜಾಸ್ತಿ ಆತಂಕ. ಇಷ್ಟರಿಂದ ಹೇಳಬಹುದಾದದ್ದು, ಪ್ರಕೃತಿಯ ನೋಟಕ್ಕೆ ಸಮಾಧಾನ ಕೊಡುವ ಗುಣ ಇದೆ ಎಂದು ಮಾತ್ರ. ಮೂಲನಿವಾಸಿ ಕಲೆ ಹಾಕಿದರೆ ರೋಗಿಗಳು ಉಳಿಯುತ್ತಾರೆ ಎಂದು ಇದರಿಂದ ಹೇಳಲಾಗದು.

ಅವರು ಹೊರಟುಹೋಗುವುದಕ್ಕೆ ಬೇರು ಬಹಳ ಕೆಳಗಿದೆ. ನಿಮ್ಮ ರಾಜ್ಯದಲ್ಲೇ 1908ರಿಂದ 1919ರವರೆಗೆ ಬರ್ನಿಯರ್ ಮತ್ತು ಡೋರ್ ದ್ವೀಪಗಳಲ್ಲಿ ಮೂಲನಿವಾಸಿಗಳಿಗೆಂದೇ ಲಾಕ್ ಹಾಸ್ಪಿಟಲ್ ಎಂಬುದನ್ನು ನಡೆಸಿದರು. ಗುಹ್ಯರೋಗ ಇದೆ ಎಂದು ಅನುಮಾನ ಬಂದವರನ್ನು ಹಿಡಿದು, ಅನೇಕರನ್ನು ಸರಪಳಿ ಹಾಕಿ, ದೂರದ ಊರುಗಳಿಂದ ಸಾಗಿಸಿದರು. ಬಹಳ ಜನ ವಾಪಸ್ ಬರಲಿಲ್ಲ. ಹಡಗು ಹೊರಡುತ್ತಿದ್ದ ಕಾರ್ನಾರ್ವನ್‌ನಲ್ಲಿ ಅವರ ಸ್ಮಾರಕ ಎದ್ದದ್ದು 2019ರಲ್ಲಿ. ಆಮೇಲೆ ಬಂದದ್ದು ಮೂಲನಿವಾಸಿಗಳನ್ನು ಪ್ರತ್ಯೇಕ ವಾರ್ಡುಗಳಲ್ಲಿ ಇಡುತ್ತಿದ್ದ ಕಾಲ, ಹೆರಿಗೆಯಾದ ತಾಯಂದಿರಿಂದ ಮಕ್ಕಳನ್ನು ಕಿತ್ತುಕೊಂಡ ಕಾಲ. ನಿಮ್ಮ ವಾರ್ಡಿಗೆ ಬರುವ ಎಪ್ಪತ್ತು ದಾಟಿದ ಹೆಂಗಸಿಗೆ ಇದು ಇತಿಹಾಸದ ಪಾಠವಲ್ಲ. ಅವರ ಅಮ್ಮನಿಗೆ, ಚಿಕ್ಕಮ್ಮನಿಗೆ ಆದದ್ದು. ಆಸ್ಪತ್ರೆ ಎಂದರೆ ಹೋದವರು ಬಾರದ ಜಾಗ ಎಂಬ ಭಯ ಮನೆಯಲ್ಲೇ ಕೇಳುತ್ತಾ ಬೆಳೆದವರು.

ಅಂಥವರನ್ನು ಗೋಡೆ ಹಿಡಿದು ನಿಲ್ಲಿಸಲಾರದು. ನಿಲ್ಲಿಸುವುದು ಅವರ ಸಮುದಾಯದ ಸಂಪರ್ಕ ಅಧಿಕಾರಿ, ಮನೆಮಂದಿ ಹತ್ತು ಜನ ಬಂದರೂ ಕೂರಲು ಜಾಗ, ಸಾವಾದ ಕೋಣೆಯಲ್ಲಿ ಹೊಗೆ ಹಾಕಿ ಶುದ್ಧಿ ಮಾಡಲು ಅವಕಾಶ. ಹೊಗೆ ಹಾಕಬೇಕೆಂದರೆ ಆ ಕೋಣೆಯ ಬೆಂಕಿ ಅಲಾರಂ ಸ್ವಲ್ಪ ಹೊತ್ತು ಆಫ್ ಮಾಡುವ ವ್ಯವಸ್ಥೆ ಬೇಕು. ಇದು ಕಲಾವಿದರ ಜತೆ ಕೂತು ಮಾತಾಡುವಾಗ ಹಿರಿಯರ ಬಾಯಲ್ಲಿ ಬರುವ ವಿಷಯ. ಬೇರೆ ಯಾವ ಸಭೆಯಲ್ಲೂ ಅವರನ್ನು ಯಾರೂ ಕೇಳಿರುವುದಿಲ್ಲ. ಕಲೆಗೆಂದು ಕರೆದ ಸಭೆಯಿಂದ ಕಟ್ಟಡದ ನಕ್ಷೆಯೇ ಬದಲಾದದ್ದನ್ನು ನಾನು ನೋಡಿದ್ದೇನೆ. ಅಂಗಳಕ್ಕೆ ಹೊರಗಿನಿಂದ ನೇರ ಬಾಗಿಲು ಬಂತು, ಕಾಯುವ ಕೋಣೆಯ ಕುರ್ಚಿಗಳು ಸಾಲು ಬಿಟ್ಟು ಗುಂಪಾದವು. ಅದಕ್ಕೇ ಬೇಗ ಕರೆಯಿರಿ ಎಂದು ಹಟ ಹಿಡಿಯುವುದು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಕಲಾವಿದರನ್ನು ನಕ್ಷೆಯ ಹಂತದಲ್ಲೇ ಆರ್ಕಿಟೆಕ್ಟ್ ಜತೆ ಕೂರಿಸುವುದು ಅತ್ಯುತ್ತಮ, ಮತ್ತು ಅತ್ಯಂತ ತಲೆನೋವಿನದು. ಕಲಾವಿದರಿಗೆ ಕಟ್ಟಡದ ಕೆಲಸದ ಅನುಭವ ಇಲ್ಲದಿರಬಹುದು, ವಿಮೆ ಇಲ್ಲದಿರಬಹುದು. ಅನುಭವ ಇರುವ ಇನ್ನೊಬ್ಬ ಕಲಾವಿದರನ್ನೋ ತಯಾರಕರನ್ನೋ ಜತೆಗೆ ಕೊಟ್ಟು, ಅದಕ್ಕೂ ದುಡ್ಡು ಇಡಬೇಕು. ಹಿರಿಯರಿಗೆ ಸಭೆಯ ಗೌರವಧನ ಕೊಡಬೇಕು. ಚಹಾ ಬಿಸ್ಕೆಟಿಗೆ ಮುಗಿಸಬೇಡಿ, ನಿಮ್ಮ ಎಂಜಿನಿಯರ್ ಪುಕ್ಕಟೆ ಬರುತ್ತಾರಾ? ಸಮುದಾಯದಲ್ಲಿ ಸಾವಾದರೆ ಎಲ್ಲ ಕೆಲಸ ನಿಲ್ಲುತ್ತದೆ, ಆ ಬಿಡುವು ವೇಳಾಪಟ್ಟಿಯಲ್ಲೇ ಇರಲಿ. ದೊಡ್ಡ ಅಪಾಯ ಇನ್ನೊಂದು: ಬಜೆಟ್ ಮೀರಿದಾಗ ಮೊದಲು ಕತ್ತರಿ ಬೀಳುವುದು ಕಲೆಗೆ. ಪರದೆ, ಗಾಜಿನಂತೆ ಕಟ್ಟಡಕ್ಕೆ ಬೇಕೇ ಬೇಕಾದ ಭಾಗದಲ್ಲಿ ಸೇರಿದ್ದರೆ ಕತ್ತರಿಸುವುದು ಕಷ್ಟ.

ಈಗಾಗಲೇ ಇರುವ ಚಿತ್ರಕ್ಕೆ ಲೈಸೆನ್ಸ್ ಪಡೆದು ಬಳಸುವುದು ಎರಡನೇ ದಾರಿ. ಬೇಗ ಆಗುತ್ತದೆ, ಖರ್ಚು ಕಡಿಮೆ. ಆದರೆ ಆ ನೆಲದ ಕಲಾವಿದರದ್ದೇ ಆಗಿರಬೇಕು. ಬಾಗಿಲು ಬಂತು, ಸ್ವಿಚ್ ಬಂತು ಎಂದು ಚಿತ್ರ ಕತ್ತರಿಸಿದರೆ ಅವರ ಹಕ್ಕಿಗೆ ಧಕ್ಕೆ. ಪ್ರತಿ ಬದಲಾವಣೆಗೂ ಒಪ್ಪಿಗೆ ಬೇಕು. ನಿಮ್ಮ ನಕ್ಷೆ ಆಗಲೇ ಮುಗಿದಿದ್ದರೆ, ಕಟ್ಟಡಕ್ಕೆ ಬೆಸೆಯುವ ಹಟ ಬಿಟ್ಟು, ಒಳ್ಳೆಯ ಬೆಳಕಿನ ಒಂದು ಗೋಡೆಯನ್ನು ಸ್ಥಳೀಯ ಕಲಾವಿದರ ಕೆಲಸಕ್ಕೆ ಬಿಟ್ಟುಕೊಟ್ಟು ಆಗಾಗ ಬದಲಿಸುವುದು ಮರ್ಯಾದೆಯ ದಾರಿ. ಕೊನೇ ಗಳಿಗೆಯಲ್ಲಿ ಅಂಟಿಸುವ ಮುಂಭಾಗಕ್ಕಿಂತ ನನಗೆ ಅದೇ ಇಷ್ಟ.

ಯಾರನ್ನು ಕೇಳುವುದು? ನೂಂಗಾರ್ ಜನರು ತಮ್ಮ ನೆಲದ ಹಕ್ಕಿನ ಬಗ್ಗೆ ಸರ್ಕಾರದ ಜತೆ ಮಾಡಿಕೊಂಡ ಒಪ್ಪಂದ 2021ರಲ್ಲಿ ಜಾರಿಗೆ ಬಂತು. ಅದರಡಿ ಆರು ಪ್ರದೇಶಗಳಿಗೆ ಆರು ನಿಗಮಗಳು. ನಿಮ್ಮ ಊರು ಸೇರುವ ನಿಗಮಕ್ಕೆ ಮೊದಲ ಪತ್ರ ಹೋಗಲಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನೂಂಗಾರ್ ಸಹೋದ್ಯೋಗಿಯನ್ನು ಹಿಡಿದು "ನೀವೇ ಹೇಳಿಬಿಡಿ" ಎನ್ನಬೇಡಿ. ಇಡೀ ಸಮುದಾಯದ ಪರವಾಗಿ ಮಾತಾಡುವ ಭಾರ ಆ ಒಬ್ಬರ ಮೇಲೆ ಬೀಳುತ್ತದೆ.

ಗೋಡೆ ಒಡೆಯುವ ಪ್ರಶ್ನೆ. ಪಾಪುನ್ಯದ ಶಾಲೆಯ ಗೋಡೆಯ ಮೇಲೆ 1971ರಲ್ಲಿ ಅಲ್ಲಿನ ಹಿರಿಯರು ಬರೆದ ಜೇನಿರುವೆಯ ಚಿತ್ರ ಒಂದು ದೊಡ್ಡ ಚಳವಳಿಗೆ ನಾಂದಿಯಾಯಿತು. ಕೆಲವೇ ವರ್ಷಗಳಲ್ಲಿ ಅದರ ಮೇಲೆ ಬಣ್ಣ ಬಳಿದರು. ಈಗ ಫೋಟೊ ಮಾತ್ರ ಇದೆ. ಆಸ್ಟ್ರೇಲಿಯಾದಲ್ಲಿ 2000ದ ಕೊನೆಯಿಂದ ಕಲಾವಿದರ ನೈತಿಕ ಹಕ್ಕಿಗೆ, ಅಂದರೆ ಕೆಲಸ ಮಾರಿದ ಮೇಲೂ ಅದರ ಮೇಲೆ ತಮ್ಮ ಹೆಸರು, ಅದರ ಮರ್ಯಾದೆ ಉಳಿಯಬೇಕೆನ್ನುವ ಹಕ್ಕಿಗೆ, ಕಾನೂನು ಇದೆ. ಕಟ್ಟಡಕ್ಕೆ ಸೇರಿದ ಕಲೆಯನ್ನು ಬದಲಿಸುವ, ಕೆಡವುವ ಮೊದಲು ಕಲಾವಿದರಿಗೆ ಲಿಖಿತ ನೋಟಿಸ್ ಕೊಡಬೇಕು. ಬಂದು ದಾಖಲಿಸಿಕೊಳ್ಳುತ್ತೇನೆ, ಮಾತಾಡಬೇಕು ಎಂದು ತಿಳಿಸಲು ಅವರಿಗೆ 3 ವಾರ. ಅಷ್ಟು ಮಾಡಿದರೆ ಮಾಲೀಕರು ಕೆಡವಬಹುದು. ಅಂದರೆ ಕಾನೂನು ಕಲೆಯನ್ನು ಉಳಿಸುವುದಿಲ್ಲ, ಸೌಜನ್ಯ ಕಲಿಸುತ್ತದೆ ಅಷ್ಟೇ. ಭಾರತದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರ ಪ್ರಕರಣ ನೆನಪಿರಬಹುದು. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಅವರ ಕಂಚಿನ ಕೆಲಸವನ್ನು ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಉಳಿದ ಚೂರುಗಳು ಮತ್ತು 5 ಲಕ್ಷ ರೂಪಾಯಿ ಅವರಿಗೆ ಸೇರಬೇಕೆಂದು ದೆಹಲಿ ಹೈಕೋರ್ಟ್ ಹೇಳಿದ್ದು 2005ರಲ್ಲಿ.

ಹಾಗಾಗಿ ಕರಾರಿನಲ್ಲೇ ಬರೆಸಿ. ಎಷ್ಟು ವರ್ಷ ಇಡುತ್ತೀರಿ, ತೊಳೆಯುವವರು ಯಾರು, ಫಲಕ ಮುರಿದರೆ ಬದಲಿ ಎಲ್ಲಿಂದ, ತೆಗೆಯಬೇಕಾದರೆ ಯಾರಿಗೆ ಕೊಡುತ್ತೀರಿ. ಹಕ್ಕುಸ್ವಾಮ್ಯ ಕಲಾವಿದರಲ್ಲೇ ಉಳಿಯಲಿ. ಕಥೆ ಸಮುದಾಯದ್ದು, ಅದನ್ನು ಬೇರೆಡೆ ಬಳಸುವಂತಿಲ್ಲ ಎಂದೂ ಇರಲಿ. ಉದ್ಘಾಟನೆ ಮುಗಿದ ತಿಂಗಳಿಗೇ ಯಾರೋ ಆ ಚಿತ್ರವನ್ನು ಕಾಫಿ ಮಗ್ ಮೇಲೆ, ಯೂನಿಫಾರ್ಮ್ ಮೇಲೆ ಹಾಕಿರುತ್ತಾರೆ. ಇನ್ನೊಂದು ಸಣ್ಣ ಷರತ್ತು: ಕಲಾವಿದರು ತೀರಿಕೊಂಡರೆ ಹೆಸರಿನ ಫಲಕ ಸ್ವಲ್ಪ ಕಾಲ ಮುಚ್ಚಬೇಕೇ ಎಂದು ಮನೆಯವರನ್ನು ಕೇಳಬೇಕು. ಸತ್ತವರ ಹೆಸರು, ಮುಖ ಕೆಲವು ಕಾಲ ಕಾಣಬಾರದು ಎನ್ನುವ ಪದ್ಧತಿ ಅನೇಕ ಸಮುದಾಯಗಳಲ್ಲಿದೆ.

ಇನ್ನು ನಮ್ಮ ಕನ್ನಡ ಸಂಘ. ಮನಸ್ಸು ಒಳ್ಳೆಯದು, ಆದರೆ ಚುಕ್ಕೆ ಚಿತ್ರ ಬೇಡ ಎಂದು ಹೇಳಿಬಿಡಿ. ಅದು ಅವರದ್ದಲ್ಲ, ನಿಮ್ಮ ಊರಿನ ನೂಂಗಾರ್ ಜನರದ್ದೂ ಅಲ್ಲ. "ಹಾಗಾದರೆ ನಮ್ಮ ಹಸೆ ಚಿತ್ತಾರ ಬಿಡಿಸ್ತೀವಿ" ಎಂದು ಯಾರಾದರೂ ಅಂದರೆ, ನೀವು ಸಾಗರದವರು, ನಿಮಗೆ ಗೊತ್ತು: ಅದು ದೀವರ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದದ್ದು. ಪುಂಡಿ ನಾರಿನ ಕುಂಚ, ಕೆಮ್ಮಣ್ಣು, ಅಕ್ಕಿ ಹಿಟ್ಟು, ಎಲ್ಲಕ್ಕೂ ಲೆಕ್ಕ ಇದೆ. ಮಾಡಿಸುವುದಾದರೆ ಅವರಿಂದಲೇ ಮಾಡಿಸಿ, ಕೂಲಿ ಕೊಟ್ಟು, ಹೆಸರು ಹಾಕಿ. ಆಸ್ಪತ್ರೆಯವರು ಬೇರೆ ದೇಶಗಳ ಕಲೆಗೂ ಒಂದು ಗೋಡೆ ಇಟ್ಟಿದ್ದರೆ ಅಲ್ಲಿ, ಮಕ್ಕಳ ವಾರ್ಡಿನ ನೂಂಗಾರ್ ಗೋಡೆಯ ಮೇಲಲ್ಲ.

ಸಂಘದಲ್ಲಿ ದುಡ್ಡೂ ಉತ್ಸಾಹವೂ ಇದ್ದರೆ ಒಂದು ಕೆಲಸ ಇದೆ. ದೊಡ್ಡ ಯೋಜನೆಗಳಲ್ಲಿ ಕಲಾವಿದರ ಸಂಭಾವನೆಗೆ ದುಡ್ಡು ಇರುತ್ತದೆ, ಆಮೇಲೆ ವಾರ್ಡಿಗೆ ಬಂದು ಮಕ್ಕಳ ಜತೆ ಕೂತು ಚಿತ್ರ ಬಿಡಿಸಲು ಇರುವುದಿಲ್ಲ. ಸ್ಥಳೀಯ ನೂಂಗಾರ್ ಕಲಾವಿದರೊಬ್ಬರು ತಿಂಗಳಿಗೊಮ್ಮೆ ಬರಲು ಸಂಘ ಸಂಭಾವನೆ ಕೊಡಲಿ. ಬಣ್ಣದ ಪೆನ್ನು ಒಂದೊಂದು ಮಗುವಿಗೆ ಬೇರೆ ಬೇರೆ ಇರಬೇಕೆಂದು ನಿಮ್ಮ ಸೋಂಕು ನಿಯಂತ್ರಣದವರು ಹೇಳುತ್ತಾರೆ, ಆ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ.